ಅಜ್ಜಿಯ ಬೇರೆ ಲೋಟ

ಜೋಳದ ರೊಟ್ಟಿಯನ್ನು ನುಣ್ಣಗೆ ಅಗಿದು ಮೊಮ್ಮಗಳ ಬಾಯಿಗಿಟ್ಟು ಬೆಳೆಸಿದವಳು ಜಿಜಾಬಾಯಿ. ಠಾಣಾ ಕುಶನೂರಿನಲ್ಲಿ ಮಗ ಸುಶೀಲಕುಮಾರನನ್ನೂ ಹಾಗೇ ಬೆಳೆಸಿದ್ದಳು. ಈಗ ಅವನು ಭಾಲ್ಕಿಯಲ್ಲಿ ಮಾಸ್ತರ, ಮನೆ ಬೀದರಿನ ಮೈಲೂರಿನಲ್ಲಿ.

ಮೊಮ್ಮಗಳು ಸಂಘಮಿತ್ರಾಗೆ ಆರು ತುಂಬುವಾಗ ದವಡೆಯ ಕೆಳಗೆ ಗಂಟು ಎದ್ದಿತು. ಹೈದರಾಬಾದಿನ ಡಾಕ್ಟರು ಕ್ಯಾನ್ಸರ್ ಎಂದರು. ಎಂಜಲಿನಿಂದ ದಾಟುವ ಒಂದು ವೈರಸ್ಸು ರಕ್ತದ ಬಿಳಿಕಣಗಳಲ್ಲಿ ಅಡಗಿ ಕೂರುತ್ತದೆ, ಅಪರೂಪಕ್ಕೆ ಆ ಕಣಗಳು ಸಾಯುವುದನ್ನೇ ಮರೆತು ಬೆಳೆಯುತ್ತಾ ಹೋಗುತ್ತವೆ ಎಂದು ವಿವರಿಸಿದರು. ಇನ್ನೂ ಏನೇನೋ ಹೇಳಿದರು. ಎಂಜಲು ಎಂಬ ಮಾತು ಬಿದ್ದದ್ದೇ ಗಂಡ ಹೆಂಡತಿಯ ಕಿವಿ ಮುಚ್ಚಿತು. ಓದಿದವರು, ಪೂರ್ತಿ ಕೇಳಬೇಕಿತ್ತು.

ಮನೆಗೆ ಬಂದ ಸೊಸೆ ವಿಶಾಖಾ ಅತ್ತೆಗೆ ಬೇರೆ ತಾಟು, ಬೇರೆ ಲೋಟ ಮಾಡಿ ಕಿಟಕಿಯಲ್ಲಿಟ್ಟಳು. ಸುಶೀಲಕುಮಾರ ಕಂಡೂ ಕಾಣದಂತೆ ಪೇಪರು ಓದಿದ. ಅವನಿಗಾದರೂ ನಾಚಿಕೆಯಾಗಬೇಕಿತ್ತು. ಊರ ಹೋಟೆಲಿನ ಸೂರಿನಲ್ಲಿ ಅವರ ಕೇರಿಯವರಿಗೆಂದೇ ಸಿಕ್ಕಿಸಿಟ್ಟ ಕಪ್ಪಿನಲ್ಲಿ ಚಹಾ ಕುಡಿದವಳು ಅವನವ್ವ. ಮಗನಿಗೆ ಆ ಕಪ್ಪು ಬೇಡವೆಂದೇ ಕೂಲಿ ಮಾಡಿ ಓದಿಸಿದವಳು.

ಜಿಜಾಬಾಯಿ ಅದರಲ್ಲೇ ಉಂಡಳು, ಅದರಲ್ಲೇ ಕುಡಿದಳು. ಕೂಸಿಗೆ ತಾನೇ ಸಾವನ್ನು ತುತ್ತು ಮಾಡಿ ತಿನ್ನಿಸಿದೆ ಎಂದು ಅವಳೂ ನಂಬಿಬಿಟ್ಟಿದ್ದಳು.

ಔಷಧದ ಉರಿಗೆ ಸಂಘಮಿತ್ರಾಳ ಬಾಯೆಲ್ಲ ಹುಣ್ಣಾಯಿತು.

"ಅಜ್ಜಿ, ರೊಟ್ಟಿ ಅಗದು ಕೊಡು."

"ಬ್ಯಾಡ ಚಿನ್ನಿ, ನನ್ನ ಬಾಯಿ ಛಲೋ ಇಲ್ಲ."

"ಹಂಗಾದ್ರ ಬಾಜೂಕ ಮಲಕೋ ಬಾ."

ಜಿಜಾಬಾಯಿ ಹೊಸ್ತಿಲು ದಾಟಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ನಿಂತು ಅತ್ತಳು.

ಮತ್ತೆ ಹೈದರಾಬಾದಿಗೆ ಒಯ್ದರು. ಕೂಸು ಅಲ್ಲೇ ತೀರಿತು. ಅತ್ತೆ ತಿನ್ನಿಸದಿದ್ದರೆ ನನ್ನ ಮಗಳು ಉಳಿಯುತ್ತಿದ್ದಳು ಎಂದು ವಿಶಾಖಾ ಡಾಕ್ಟರ ಮುಂದೆ ಚೀರಿದಳು. ಅವರು ಸಮಾಧಾನದಿಂದ ಹಳೆಯ ಮಾತನ್ನೇ ಮತ್ತೆ ಹೇಳಿದರು. ಆ ವೈರಸ್ಸು ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ತಾಯಿ ಮುದ್ದಿಟ್ಟಾಗಲೂ ಬಂದಿರಬಹುದು. ಈ ಕೂಸಿಗೇ ಯಾಕೆ ಹೀಗಾಯಿತೋ ತಮಗೂ ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಸಂಜೆ ವಿಶಾಖಾ ಮನೆಯವರೆಲ್ಲ ಕುಡಿಯುವ ಕಪ್ಪಿನಲ್ಲೇ ಚಹಾ ತಂದು ಅತ್ತೆಯ ಮುಂದೆ ಕೂತಳು.

"ತಪ್ಪಾಯ್ತರಿ ಅತ್ತಿ. ಅದು ಎಲ್ಲಾರ ಬಾಯಾಗೂ ಇರ್ತದಂತ. ನನ್ನ ಬಾಯಾಗೂ ಅದ. ಇದರಾಗ ಕುಡೀರಿ."

ಜಿಜಾಬಾಯಿ ಸೊಸೆಯ ಮುಖವನ್ನೇ ನೋಡಿದಳು.

"ಹಂಗಾದ್ರ ನಾ ಅಕೀ ಬಾಜೂಕ ಮಲಕೋಬಹುದಿತ್ತಲ್ಲವ್ವ," ಅಂದಳು.

ಆಮೇಲೆ ಎದ್ದು, ಕಿಟಕಿಯ ಲೋಟ ತಂದು, ಚಹಾವನ್ನು ಅದಕ್ಕೆ ಬಗ್ಗಿಸಿಕೊಂಡಳು.