ಎಳೆದರೆ ಏರುವ ತಂತಿ

ಮೂರು ವರ್ಷ ಬೆವರು ಸುರಿಸಿ ಮಾಡಿದ ಅತಿವಾಹಕ ತಂತಿ ಅತಿಥಿಯ ಎದುರೇ ಸಂಶೋಧಕಿ ಹಿಸ್ಕೆಯ ಮಾನ ಕಳೆಯಿತು. ದ್ರವ ಹೀಲಿಯಂನ ಕೊರೆವ ಚಳಿಯಲ್ಲಿ, ಚೂರೂ ತಡೆಯಿಲ್ಲದೆ ಅದು ಇನ್ನೂರು ಆಂಪಿಯರ್ ವಿದ್ಯುತ್ ಹೊರಬೇಕಿತ್ತು. ನೂರ ಎಪ್ಪತ್ತಕ್ಕೇ ಕೈಚೆಲ್ಲಿತು. ದೊಡ್ಡ ಅಯಸ್ಕಾಂತ ಕಟ್ಟುವವರ ಕಡೆಯಿಂದ ಬಂದಿದ್ದ ಲೀಸ್ಬೆತ್ ಪರದೆ ನೋಡಿ ತುಟಿ ಬಿಗಿದಳು. ಆಕೆ ಒಪ್ಪದಿದ್ದರೆ ಈ ತಂತಿಯ ಕಥೆ ಮುಗಿದಂತೆಯೇ.

"ಹೋಗ್ಲಿ ಬಿಡೇ, ಕಾಫಿ ಕುಡಿಯೋಣ ಬಾ," ಎಂದ ವೊಬ್ಬೆ. ಎನ್‌ಸ್ಖೆದೆ ಊರಿನ ಆ ಪ್ರಯೋಗಾಲಯದಲ್ಲಿ ಹಿಸ್ಕೆಯ ಜೊತೆಗಾರ. ಪುಣ್ಯಾತ್ಮನಿಗೆ ಎಲ್ಲ ದುಃಖಕ್ಕೂ ಕಾಫಿಯೇ ಮದ್ದು, ಜೊತೆಗೆ ಒಂದೇ ಒಂದು ಬಿಸ್ಕತ್ತು.

ಹಿಸ್ಕೆ ಕದಲಲಿಲ್ಲ. ಕುಲುಮೆಯಲ್ಲಿ ಬೆಂದ ಮೇಲೆ ತಂತಿಯೊಳಗಿನ ಎಳೆಗಳು ಮುಟ್ಟಿದರೆ ಮುರಿಯುವ ಹಪ್ಪಳದಂತಾಗುತ್ತವೆ. ತಂತಿ ಮುರಿದವರು ಇಡೀ ಮಹಡಿಗೆ ಕೇಕ್ ತರಬೇಕೆಂಬ ಕಟ್ಟಳೆ ಬೇರೆ. ಹಾಗಾಗಿ ಅತಿಥಿಗಳೆದುರು ಯಾರೂ ತಂತಿಯನ್ನು ಜಗ್ಗಿ ಹಿಗ್ಗಿಸುವ ತಿರುಪಿನ ತಂಟೆಗೆ ಹೋಗುತ್ತಿರಲಿಲ್ಲ. ತಂತಿಯನ್ನು ಇದ್ದ ಹಾಗೇ ಅಳೆದು ಕೈತೊಳೆದುಕೊಳ್ಳುತ್ತಿದ್ದರು. ಇಂದು ಅವಳೂ ಅದನ್ನೇ ಮಾಡಿದ್ದಳು. ಆದರೆ ಗಟ್ಟಿಯಾಗಲೆಂದು ಈ ಸಲ ಕಂಚಿನ ಹೊರಕವಚವನ್ನು ದಪ್ಪ ಮಾಡಿದವಳು ಅವಳೇ ಅಲ್ಲವೇ? ತಣ್ಣಗಾದಾಗ ಕಂಚು ಎಳೆಗಳಿಗಿಂತ ಹೆಚ್ಚು ಕುಗ್ಗಿ ಅವನ್ನು ಹಿಂಡುತ್ತದೆ. ತಂತಿಗೆ ಶಕ್ತಿಯಿಲ್ಲವೆಂದಲ್ಲ, ಉಸಿರು ಕಟ್ಟಿದೆ! ಜಗ್ಗಿದರೆ ಆ ಬಿಗಿತ ಸಡಿಲಾದೀತು.

"ಲೀಸ್ಬೆತ್, ನಿಮ್ಮ ಅಯಸ್ಕಾಂತದೊಳಗೆ ತಂತಿ ಸುಮ್ನೆ ಕೂತಿರುತ್ತಾ?"

"ಎಲ್ಲಿ ಸುಮ್ನೆ? ಅಯಸ್ಕಾಂತದ ಬಲ ಅದನ್ನ ಹಿಡಿದು ಜಗ್ತಾನೇ ಇರುತ್ತೆ."

"ಹಾಗಾದ್ರೆ ಜಗ್ಗಿಯೇ ನೋಡೋಣ."

"ಅಯ್ಯೋ ಮಾರಾಯ್ತಿ, ಇರೋದು ಇದೊಂದೇ ತುಂಡು!" ವೊಬ್ಬೆ ತಲೆ ಮೇಲೆ ಕೈಹೊತ್ತ.

"ಬಾಯ್ಮುಚ್ಕೊಂಡು ಅಂಕಿ ಓದೋ."

ಅವಳು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು.

"ನೂರ ಎಂಬತ್ತು," ಎಂದ ವೊಬ್ಬೆ. ಇನ್ನಷ್ಟು ತಿರುಗಿಸಿದಳು. "ನೂರ ತೊಂಬತ್ತಾರು... ಲೇ, ಇನ್ನೂರ ಹತ್ತು ಕಣೇ!"

"ಸಾಕು, ನಿಲ್ಸಿ!" ಲೀಸ್ಬೆತ್ ಎದ್ದೇ ನಿಂತಳು.

ಹಿಸ್ಕೆ ನಿಲ್ಲಿಸಲಿಲ್ಲ, ಇನ್ನೂ ಜಗ್ಗಿದರೂ ತಂತಿ ತಾಳುತ್ತದೆಂದು ತೋರಿಸಬೇಕಿತ್ತು. ಮತ್ತೊಂದು ತಿರುವಿಗೆ ಅಂಕಿ ತುಸು ಇಳಿಯಿತು. ವೊಬ್ಬೆ ಕಣ್ಣು ಮುಚ್ಚಿಕೊಂಡ. ಅವಳು ನಿಧಾನವಾಗಿ ಸಡಿಲಿಸಿದಳು. ಅಂಕಿ ಇನ್ನೂರ ಹತ್ತಕ್ಕೇ ಮರಳಿತು. ತಂತಿಗೆ ಏನೂ ಆಗಿರಲಿಲ್ಲ. ವೊಬ್ಬೆ ಕುಣಿದ, ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಅವಳಿಗೆ ಸಂತೋಷ ತಡೆಯಲಾಗಲಿಲ್ಲ.

ಲೀಸ್ಬೆತ್ ಕೋಟು ತೆಗೆದು ಕುರ್ಚಿಗೆ ಹಾಕಿದಳು. "ಸರಿ, ಎಷ್ಟು ಕಿಲೋಮೀಟರ್ ಮಾಡಿಕೊಡ್ತೀರಿ?"

ಇಷ್ಟು ವರ್ಷ ಮೊಳ ಮೊಳವಾಗಿ ತಂತಿ ಮಾಡಿದ್ದ ಹಿಸ್ಕೆ ನಗುತ್ತಲೇ ಅತ್ತುಬಿಟ್ಟಳು.