ಮೂಸಿದ ಹೂವು

ಶ್ರೀಪ್ರಿಯಾ ಹೂವಿನ ಬೇಲಿ ನೆಟ್ಟದ್ದು ನಿದ್ದೆಗಾಗಿ. ಮಾವ ಕಮಲಾಕರರಾಯರ ಪೂಜೆಗೆ ದಿನಾ ಬೆಳಿಗ್ಗೆ ಬಿಡಿ ಹೂ ಬೇಕು. ಮಾಧವರಂ ಬಸ್ ಸ್ಟ್ಯಾಂಡಿನ ಹತ್ತಿರ ಕೂತು ಹೂ ಮಾರುವ ಪೂಕಾರಿಯಿಂದ ಅದನ್ನು ತರಬೇಕಾದವಳು ಅವಳು. ತಂದ ಮೇಲೆ ಅಡಿಗೆ, ಊಟದ ಡಬ್ಬಿ, ಆಮೇಲೆ ಊರಿನ ಇನ್ನೊಂದು ತುದಿಯ ಶೋಳಿಂಗನಲ್ಲೂರಿಗೆ ಆಫೀಸಿನ ಕ್ಯಾಬು. ಗಂಡ ಗುರುಚರಣನದು ರಾತ್ರಿ ಪಾಳಿ. ಆ ಹೊತ್ತಿಗೆ ಅವನು ಮನೆಗೇ ಬಂದಿರುವುದಿಲ್ಲ. ಮನೆಯಲ್ಲೇ ಹೂ ಬಿಟ್ಟರೆ ಅರ್ಧ ಗಂಟೆ ಹೆಚ್ಚು ಮಲಗಬಹುದು.

ರಸ್ತೆ ಕಡೆಯ ತಂತಿಯ ಉದ್ದಕ್ಕೂ ನಂದಿಬಟ್ಟಲು, ಗುಂಡುಮಲ್ಲಿಗೆ, ಮತ್ತೆ ನಂದಿಬಟ್ಟಲು ಹೀಗೆ ನೆಟ್ಟಳು. ಊರಿಗೆಲ್ಲ ಲಾರಿ ನೀರು ಬಂದ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಹಾಕಿ ಉಳಿಸಿಕೊಂಡಳು. ಗಿಡಗಳು ಎದೆಯೆತ್ತರ ಬೆಳೆದವು. ಎಲೆ ಬಂತು, ಹೂ ಬರಲಿಲ್ಲ. ಬೀದಿಯ ತಿರುವಿನಾಚೆ ಜಲಜಾ ಅವರ ಮನೆಯ ಬೇಲಿ, ಇವೇ ಗಿಡಗಳ ಕಡ್ಡಿ ನೆಟ್ಟು ಬೆಳೆಸಿದ್ದು, ಬೆಳ್ಳಗೆ ಅರಳಿ ನಿಂತಿರುತ್ತಿತ್ತು. ಶ್ರೀಪ್ರಿಯಾ ಗೊಬ್ಬರ ಬದಲಿಸಿದಳು. ಪ್ರಯೋಜನವಾಗಲಿಲ್ಲ.

ಒಂದು ಭಾನುವಾರ ಬಟ್ಟೆ ಒಣಹಾಕಲು ಹೊರಗೆ ಬಂದಾಗ ಕಾರಣ ಕಾಣಿಸಿತು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಮಾವ, ಗೇಟಿನಿಂದ ಮೂಲೆಯವರೆಗೆ ದಾರ ಕಟ್ಟಿ, ರಸ್ತೆಗೆ ಚಾಚಿದ ತುದಿಗಳನ್ನು ಕತ್ತರಿಸುತ್ತಿದ್ದರು.

"ಮಾವನೋರೆ, ಅದು ಮೊಗ್ಗು!"

"ಗೊತ್ತು. ನಂಗೇನು ಕಣ್ಣಿಲ್ವೇ?"

"ಮತ್ಯಾಕೆ ಕತ್ತರಿಸ್ತೀರಿ?"

"ಎದುರಿಗೇ ಬಸ್ ಸ್ಟಾಪು. ನಿಂತೋರೆಲ್ಲ ಬಗ್ಗಿ ಬಗ್ಗಿ ಮೂಸ್ತಾರೆ. ಹಿಂದೊಂದ್ಸಲ ನೀನು ಆಫೀಸಲ್ಲಿದ್ದಾಗ ನಾಲ್ಕು ಅರಳಿದ್ವು, ಒಬ್ಬ ತಲೆಯನ್ನೇ ಒಳಗಿಟ್ಟಿದ್ದ, ಎಮ್ಮೆ ಹಾಗೆ. ಅವನು ಮೂಸಿ ಬಿಟ್ಟಿದ್ದನ್ನ ನಾನು ಕೃಷ್ಣನಿಗೆ ಏರಿಸ್ಲೇ?"

"ನಮ್ಮ ಕಡೆಗಾದ್ರೂ ಬಿಡ್ಬೇಕಲ್ಲ?"

"ಆ ಕಡೆ ನಾನು ಮುಟ್ಟಿಲ್ಲಮ್ಮ. ಬಿಡ್ಲಿ."

ಆ ಕಡೆ ದಿನವಿಡೀ ಮನೆಯ ನೆರಳು. ಬಿಸಿಲು ಬೀಳದ ಕೊಂಬೆಯಲ್ಲಿ ಹೂ ಎಲ್ಲಿಂದ ಬರಬೇಕು?

"ಪೂಕಾರಿ ಬುಟ್ಟಿ ಹೂನ ಯಾರೂ ಮೂಸಿರಲ್ವೇ?"

"ನಾವು ನೋಡಿದ್ವಾ? ಕಾಣದ್ದಕ್ಕೆ ದೋಷ ಇಲ್ಲ."

ಅವರು ಮುಂದಿನ ಗಿಡಕ್ಕೆ ಹೋದರು. ಶ್ರೀಪ್ರಿಯಾ ವಾದ ಮಾಡಲಿಲ್ಲ. ವಾದಕ್ಕೆ ಬೇಕಾದ ಶಕ್ತಿಯಲ್ಲಿ ಎರಡು ಬಕೆಟ್ ಬಟ್ಟೆ ಹಿಂಡಬಹುದಿತ್ತು.

ಸಂಜೆ ಜಲಜಾ ಅವರ ಮನೆಗೆ ಹೋಗಿ ಹೂ ಕೇಳಿದಳು.

"ಸುಮ್ಮಾ ಕಿತ್ಕೋಮ್ಮ, ಅದಕ್ಕೇನು ಕೇಳೋದು?" ಎಂದರು ಜಲಜಾ. "ಆದ್ರೆ ನಮ್ದೂ ರೋಡ್ ಪಕ್ಕದ್ದೇ. ವಾಕಿಂಗ್ ಹೋಗೋರೆಲ್ಲ ಮೂಸ್ತಾರೆ."

"ಮೂಸ್ಲಿ. ಪೂಕಾರಿ ಹೂ ಅಂತೀನಿ."

"ನಿಮ್ಮ ಮಾವನೋರಿಗೆ ತೆರಿಂಜಾ, ಗೊತ್ತಾದ್ರೆ, ಅಷ್ಟೇ ಕಥೆ! ನಿನ್ನ ಜೊತೆ ನನಗೂ ಪಂಚಗವ್ಯ ಕುಡಿಸ್ತಾರೆ."

ಮಾರನೆಯ ಬೆಳಿಗ್ಗೆ ಕಮಲಾಕರರಾಯರು ಪೇಪರಿನ ಪೊಟ್ಟಣ ಬಿಚ್ಚಿ ಹೂಗಳನ್ನು ಬೆಳ್ಳಿ ತಟ್ಟೆಗೆ ಸುರಿದರು. ಮುಖ ಅರಳಿತು.

"ನೋಡಿದ್ಯಾ, ಏನು ತಾಜಾ! ನಮ್ಮ ಗಿಡ ದಂಡ. ಇನ್ಮೇಲೂ ಆ ಪೂಕಾರಿ ಹತ್ರಾನೇ ತಾ." ಆಮೇಲೆ ಗಡಿಯಾರ ನೋಡಿದರು. "ಅದ್ಸರಿ, ಇಷ್ಟು ಬೇಗ ಹೇಗೆ ಹೋಗ್ಬಂದೆ?"

"ಆಟೋ ಸಿಕ್ತು."

"ಹೂ ತರಕ್ಕೆ ಆಟೋನಾ! ನಡ್ಕೊಂಡು ಹೋಗಮ್ಮ, ಮೈಗೂ ಒಳ್ಳೇದು."

ಆದ್ದರಿಂದ ಮರುದಿನ ಶ್ರೀಪ್ರಿಯಾ ಎಂದಿನ ಹೊತ್ತಿಗೇ ಎದ್ದಳು. ಎಂದಿನ ಚೀಲ ಹಿಡಿದು, ಮಾವ ಬಾವಿಕಟ್ಟೆಯಲ್ಲಿ ನಿಂತು ನೋಡುತ್ತಿರುವಂತೆಯೇ ಗೇಟು ದಾಟಿದಳು. ಬೀದಿ ತಿರುಗಿ ಜಲಜಾ ಅವರ ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಕುರ್ಚಿಯ ಒಂದು ಕಾಲು ಗಿಡ್ಡವಿತ್ತು. ಸೊಳ್ಳೆಗಳಿದ್ದವು.

ಜಲಜಾ ಹೂ ಕೀಳುತ್ತ ಕೇಳಿದರು, "ಎಷ್ಟು ದಿನ ಹೀಗೆ?"

"ಮಾತಾಡ್ಬೇಡಿ ಆಂಟಿ," ಎಂದಳು. "ಹೊತ್ತಾದಾಗ ಎಬ್ಬಿಸಿ."