ಹದಿನೇಳನೇ ಪುಟದ ಒಬ್ಬ

ನಾನು ಯಾರ ಹೆಸರನ್ನೂ ಬರೆದಿರಲಿಲ್ಲ. ಕಳೆದ ಹದಿನಾರು ದಿನಗಳಿಂದ ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ತಟ್ಟೆಯ ಮುಂದೆ ಕೂತಾಗ. "ಏನೇ ಅದು ಗೊಣಗಾಟ?" ಅಂತ ಅಮ್ಮ ಕೇಳಿದರೆ "ಏನಿಲ್ಲ" ಅನ್ನುತ್ತೇನೆ. ಏನಿಲ್ಲ ಅನ್ನುವುದರಲ್ಲಿ ನಾನು ಚಿಕ್ಕಂದಿನಿಂದಲೂ ಗಟ್ಟಿಗಿತ್ತಿ.

ಓದು ಮುಗಿಸಿ ನಾನು ಸೇರಿದ್ದು ಒಂದು ಸಣ್ಣ ಕಚೇರಿಗೆ. ಸೇವಾಸಂಸ್ಥೆಗಳು ನಿಜಕ್ಕೂ ಮಾಡಬೇಕಾದ್ದನ್ನು ಮಾಡುತ್ತಿವೆಯೇ ಎಂದು ಒಳಹೊಕ್ಕು ನೋಡಿ ವರದಿ ಬರೆಯುವುದು ನಮ್ಮ ಕೆಲಸ. ನಾನು ಒಬ್ಬಳೇ ಮಾಡಿದ ಮೊದಲ ವರದಿ, ಕುಡಿತ ಬಿಡಲು ಬಂದ ಗಂಡಸರಿಗಾಗಿ ಒಬ್ಬ ಪಾಸ್ಟರ್ ನಡೆಸುತ್ತಿದ್ದ ಆಶ್ರಯಮನೆಯದು. ಹನ್ನೆರಡು ತಿಂಗಳು ಅಲ್ಲೇ ಇರಬೇಕು. ಬೆಳಿಗ್ಗೆ ಐದೂವರೆಗೆ ಗಂಟೆ, ಪ್ರಾರ್ಥನೆ, ಬೈಬಲ್ ಓದು, ಆಮೇಲೆ ದಿನವಿಡೀ ಕೆಲಸ. ಆಸ್ಪತ್ರೆಗಳ, ಹಾಸ್ಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವುದು ಅವರ ಮುಖ್ಯ ಕಸುಬು. ಅಡುಗೆ, ಮರಗೆಲಸ, ಬಟ್ಟೆ ಸಾಗಿಸುವ ವ್ಯಾನು ಅಂತ ಬೇರೆ ವಿಭಾಗಗಳೂ ಇದ್ದವು. ಶುಕ್ರವಾರ ಸಂಜೆ ಎಲ್ಲರೂ ಸೇರಿ ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಬದುಕಿನ ಸಾಕ್ಷಿ ಹೇಳಬೇಕು.

"ದೇವರಿಗೆ ಅಂಕ ಕೊಡೋಕೆ ಹೋಗಬೇಡ," ಅಂದಿದ್ದರು ನಮ್ಮ ಮೇಡಮ್. "ಮನುಷ್ಯರನ್ನ ಎಣಿಸು. ಎಷ್ಟು ಜನ ಬಂದ್ರು, ಎಷ್ಟು ಜನ ಉಳಿದ್ರು, ಎಷ್ಟು ಜನ ಮತ್ತೆ ಕುಡಿದ್ರು. ಅಷ್ಟೇ."

ಎಣಿಸಿದೆ. ನಾನಿದ್ದಾಗ ಮೂವತ್ತೊಂದು ಜನರಿದ್ದರು. ಪಾಸ್ಟರ್ ಕೊಟ್ಟ ಕರಪತ್ರದಲ್ಲಿ ಮುಗಿಸಿ ಹೋದವರ ನಗುಮುಖಗಳು ಮಾತ್ರ ಇದ್ದವು. ಮಧ್ಯೆ ಬಿಟ್ಟವರ ಹಳೇ ದಾಖಲೆಗಳನ್ನು ನಾನೇ ಕಪಾಟಿನಿಂದ ಹುಡುಕಿ ತೆಗೆದೆ. ಅದಕ್ಕೆ ಅವರು ಬೇಸರಪಡಲಿಲ್ಲ. "ತೆಗೀರಿ, ತೆಗೀರಿ. ಧೂಳಾದ್ರೂ ಹೋಗುತ್ತೆ," ಅಂದರು. ಅವರೂ ಒಂದು ಕಾಲದಲ್ಲಿ ಕುಡಿದು ಚರಂಡಿಯಲ್ಲಿ ಬಿದ್ದಿದ್ದವರೇ. ಅದನ್ನು ಅವರು ವಿಳಾಸ ಹೇಳುವ ಹಾಗೆ ಸಲೀಸಾಗಿ ಹೇಳುತ್ತಿದ್ದರು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕುಡಿದವನು ಎಷ್ಟನೇ ತಿಂಗಳಲ್ಲಿದ್ದರೂ ಮತ್ತೆ ಮೊದಲ ದಿನಕ್ಕೆ ಬರಬೇಕು. ಮಹಡಿಯ ಕೋಣೆ ಬಿಟ್ಟು ಕೆಳಗಿನ ದೊಡ್ಡ ಹಾಲಿಗೆ ಹಾಸಿಗೆ ಇಳಿಸಬೇಕು. ಮೂವತ್ತು ದಿನ ಫೋನಿಲ್ಲ, ಮೂರು ತಿಂಗಳು ಮನೆಗೆ ಹೋಗುವಂತಿಲ್ಲ. ಹನ್ನೆರಡು ತಿಂಗಳು ಹೊಸದಾಗಿ ಶುರು.

ವ್ಯಾನ್ ಓಡಿಸುವವರನ್ನು ಎಲ್ಲರೂ ಡ್ರೈವರ್ ಅಂತಲೇ ಕರೆಯುತ್ತಿದ್ದರು. ಹತ್ತನೇ ತಿಂಗಳಲ್ಲಿದ್ದರು. ನಾನು ಅವರನ್ನು ಮಾತಾಡಿಸಿದ್ದು ಇಸ್ತ್ರಿ ಕೋಣೆಯಲ್ಲಿ, ಬಿಸಿ ಆರದ ಚಾದರಗಳ ನಡುವೆ. ಒಪ್ಪಿಗೆ ಪತ್ರವನ್ನು ತಲೆ ಎತ್ತದೆ ಒಂದೇ ಉಸಿರಿಗೆ ಓದಿ ಮುಗಿಸಿದೆ.

"ಹೆಸರು ಬರಲ್ಲ ಅಂತೀರಾ?"

"ಬರಲ್ಲ."

"ಪಾಸ್ಟರಿಗೂ?"

"ಯಾರಿಗೂ ಗೊತ್ತಾಗಲ್ಲ."

"ನಿಮಗೆ ಹೇಳೋದು ಗೋಡೆಗೆ ಹೇಳಿದ ಹಾಗೆ. ತಪ್ಪು ತಿಳೀಬೇಡಿ, ಒಳ್ಳೇ ಗೋಡೆ," ಅಂದರು. ಆಮೇಲೆ ಹೇಳಿದರು. ಒಂಬತ್ತನೇ ತಿಂಗಳ ರಜೆಯಲ್ಲಿ ಭಾವಮೈದುನನ ಮನೆಯಲ್ಲಿ ಎರಡು ಲೋಟ ಕುಡಿದಿದ್ದರು. ಮರುದಿನ ಬಂದು ಏನೂ ಆಗದವರಂತೆ ವ್ಯಾನಿನ ಕೀಲಿ ತೆಗೆದುಕೊಂಡಿದ್ದರು. ಆಮೇಲೆ ಮುಟ್ಟಿಲ್ಲ. ಆಶ್ರಯಮನೆಯಲ್ಲಿ ಈ ವಿಷಯ ಗೊತ್ತಿದ್ದದ್ದು ಅವರ ಕೋಣೆಯ ಜೊತೆಗಾರನೊಬ್ಬನಿಗೆ, ಅಡುಗೆಮನೆಯ ಸೌಟುವಿಗೆ. ಸೌಟು ಅನ್ನುವುದು ಅಡ್ಡಹೆಸರು. ಕೈಯಲ್ಲಿ ಸೌಟಿಲ್ಲದೆ ಅವನನ್ನು ಯಾರೂ ನೋಡಿರಲಿಲ್ಲವಂತೆ.

"ಅವನೇ ನನ್ನ ಕತ್ತಿನ ಪಟ್ಟಿ ಹಿಡಿದು ಕೂರಿಸಿದ್ದು. ಇನ್ನೊಂದು ಸಲ ಮುಟ್ಟಿದ್ರೆ ಸೂಪಲ್ಲಿ ಬೇಯಿಸ್ತೀನಿ ಅಂದ."

"ಪಾಸ್ಟರಿಗೆ ಯಾಕೆ ಹೇಳಲಿಲ್ಲ?"

"ನನ್ನ ಹೆಂಡತಿ ಒಂದೇ ಮಾತು ಹೇಳಿದ್ದಾಳೆ. ಹನ್ನೆರಡು ತಿಂಗಳು ಮುಗಿಸಿ ಬಾ, ಬಾಗಿಲು ತೆಗೀತೀನಿ. ಇಲ್ಲಾಂದ್ರೆ ಈ ಕಡೆ ತಲೆ ಹಾಕಬೇಡ. ಅವಳು ಎರಡು ಸಲ ಕಾದಿದ್ದಾಳೆ. ಮೂರನೇ ಸಲ ಮೊದಲ ದಿನದಿಂದ ಅಂದ್ರೆ ಕಾಯಲ್ಲ. ಮಗಳಿಗೂ ಅಪ್ಪ ಬರ್ತಾನೆ ಅಂತ ತಾರೀಕು ಹೇಳಿಬಿಟ್ಟಿದ್ದಾಳೆ."

ನಾನು ಅದನ್ನು ಬರೆದುಕೊಂಡೆ. ಬರೆದುಕೊಳ್ಳುವುದೇ ಸಮಾಧಾನ ಹೇಳುವುದು ಅಂದುಕೊಂಡಿದ್ದೆ.

ವರದಿಯ ಹದಿನೇಳನೇ ಪುಟದಲ್ಲಿ ಒಂದು ಕೋಷ್ಟಕ ಹಾಕಿದೆ. ಎಡಕ್ಕೆ ಕೆಲಸದ ವಿಭಾಗಗಳು, ಮೇಲೆ ಎಷ್ಟನೇ ತಿಂಗಳು ಅನ್ನುವುದು, ಒಳಗೆ ರಜೆಯಲ್ಲಿ ಕುಡಿದೆವೆಂದು ನನ್ನಲ್ಲಿ ಒಪ್ಪಿಕೊಂಡವರ ಸಂಖ್ಯೆ. ಒಟ್ಟು ಏಳು. ಮೇಡಮ್ ಮೊತ್ತ ಕೂಡಿ ನೋಡಿ "ಚೆನ್ನಾಗಿದೆ" ಅಂದರು. ನನಗೂ ಅದು ಚೆನ್ನಾಗಿಯೇ ಕಂಡಿತು. ಆ ರಾತ್ರಿ ಡೈರಿಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರೆದುಕೊಂಡಿದ್ದೆ. ಈಗ ಆ ಹಾಳೆ ತಿರುಗಿಸಲು ಕೈ ಬರುವುದಿಲ್ಲ.

ನಿಯಮದ ಪ್ರಕಾರ ಕರಡು ಪ್ರತಿ ಪಾಸ್ಟರಿಗೆ ಹೋಯಿತು, ತಪ್ಪುಗಳಿದ್ದರೆ ತಿಳಿಸಲಿ ಅಂತ. ಮೂರನೇ ದಿನ ಅವರ ಫೋನು ಬಂತು.

"ತಂಗೀ, ನಿಮ್ಮ ಹದಿನೇಳನೇ ಪುಟದಿಂದ ದೊಡ್ಡ ಉಪಕಾರ ಆಯ್ತು. ಡ್ರೈವರ್ ಒಪ್ಪಿಕೊಂಡ. ಇವತ್ತಿನಿಂದ ಮತ್ತೆ ಮೊದಲ ದಿನ."

ನನಗೆ ಅರ್ಥವಾಗಲಿಲ್ಲ. ಫೋನು ಇಟ್ಟ ಮೇಲೆ ಪುಟ ತೆರೆದು ನೋಡಿದೆ. ವಿಭಾಗ: ವ್ಯಾನು. ತಿಂಗಳು: ಹತ್ತರಿಂದ ಹನ್ನೆರಡು. ಸಂಖ್ಯೆ: 1. ಇಡೀ ಮನೆಯಲ್ಲಿ ವ್ಯಾನು ಓಡಿಸುವವರು ಒಬ್ಬರೇ. ಒಬ್ಬನೇ ಇರುವ ಚೌಕದಲ್ಲಿ ಒಂದು ಅಂತ ಬರೆಯುವುದೂ ಅವನನ್ನು ಬೆರಳು ಮಾಡಿ ತೋರಿಸುವುದೂ ಒಂದೇ. ಇಷ್ಟು ಸರಳವಾದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೇಡಮ್ ಹತ್ತಿರ ಹೋಗಿ ಹೇಳಿದೆ. "ಅಯ್ಯೋ, ನಾನೂ ನೋಡಲಿಲ್ಲ ನೋಡು," ಅಂದರು. "ಐದಕ್ಕಿಂತ ಕಮ್ಮಿ ಇರೋ ಚೌಕಗಳನ್ನ ಒಟ್ಟಿಗೆ ಸೇರಿಸಿಬಿಡು. ಈ ಕೆಲಸದಲ್ಲಿ ಎಲ್ಲರೂ ಒಂದು ಸಲ ಮಾಡೋ ತಪ್ಪು ಇದು." ಸೇರಿಸಿದೆ. ಎರಡು ನಿಮಿಷದ ಕೆಲಸ. ಕೋಷ್ಟಕದಲ್ಲಿ ತಪ್ಪಿನ ಗುರುತೇ ಉಳಿಯಲಿಲ್ಲ.

ಕೊನೆಯ ಎಣಿಕೆಗೆಂದು ನಾನು ಅಲ್ಲಿಗೆ ಮತ್ತೆ ಹೋದದ್ದು ನಿನ್ನೆ ಮಧ್ಯಾಹ್ನ. ಪಾಸ್ಟರ್ ಇರಲಿಲ್ಲ, ವ್ಯಾನು ತಾವೇ ಓಡಿಸಿಕೊಂಡು ಬಟ್ಟೆ ಕೊಡಲು ಹೋಗಿದ್ದರು. ಅವರ ಹೆಂಡತಿ, ಎಲ್ಲರ ಬಾಯಲ್ಲೂ ಪಾಸ್ಟರಮ್ಮ, ಹಾಜರಿ ಪುಸ್ತಕ ತಂದು ಮುಂದಿಟ್ಟರು.

"ಮೂವತ್ತೊಂದು ಅಲ್ವಾ?" ಅಂದೆ.

"ಮೂವತ್ತು ಕಣಮ್ಮ. ಸೌಟು ಹೋಗಿಬಿಟ್ಟ."

"ಮುಗಿಸಿ?"

"ಐದನೇ ತಿಂಗಳಲ್ಲಿ ಏನು ಮುಗಿಸೋದು. ಒಂಬತ್ತು ದಿನ ಆಯ್ತು." ಅವರು ಟೀ ಲೋಟವನ್ನು ನನ್ನ ಕಡೆ ಸರಿಸಿದರು. "ಡ್ರೈವರ್ ಕುಡಿದದ್ದು ನಮ್ಮವರಿಗೆ ಹೇಗೋ ಗೊತ್ತಾಯ್ತು. ಹೇಗೆ ಅಂತ ಯಾರಿಗೂ ಬಾಯಿ ಬಿಟ್ಟಿಲ್ಲ, ನನಗೂ ಹೇಳಿಲ್ಲ. ಡ್ರೈವರ್ ಇದು ಸೌಟುವಿನ ಕೆಲಸ ಅಂತ ಹಟ ಹಿಡಿದ. ಅವನಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲವಂತೆ. ಒಂದು ವಾರ ಮಾತು ಬಿಟ್ಟ. ಆಮೇಲೆ ಊಟದ ಹಾಲಲ್ಲಿ, ಎಲ್ಲರೂ ತಟ್ಟೆ ಹಿಡಿದು ನಿಂತಿರೋವಾಗ, ಸೂಪು ಬಡಿಸೋ ಯೂದ ಅಂತ ಅಂದುಬಿಟ್ಟ."

ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ದಿನಾ ಬೆಳಿಗ್ಗೆ ಆ ಕಥೆಗಳನ್ನೇ ಓದುವ ಮನೆಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

"ಸೌಟು ಏನಂದ?"

"ಸೌಟನ್ನ ಪಾತ್ರೆಯೊಳಗೆ ಬಿಟ್ಟ, ಮೇಲೆ ಹೋಗಿ ಚೀಲ ತಗೊಂಡ. ನಾನು ಗೇಟಿನ ತನಕ ಓಡಿದೆ."

ನನ್ನ ನಮೂನೆಯಲ್ಲಿ ಬಿಟ್ಟುಹೋದವರಿಗೊಂದು ಸಾಲಿದೆ. ಕಾರಣ: ಸ್ವಂತ ಇಚ್ಛೆ, ಶಿಸ್ತುಕ್ರಮ, ಅನಾರೋಗ್ಯ, ಇತರೆ. ಪೆನ್ನು ಹಿಡಿದು ಕೂತೆ. ನನ್ನ ತಪ್ಪು ನನಗೂ ಪಾಸ್ಟರಿಗೂ ಬಿಟ್ಟರೆ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೋಡೆಯ ಮೇಲೆ ಡ್ರೈವರಿಗೂ ಅನುಮಾನ ಬಂದಿರಲಿಲ್ಲ. ನನ್ನ ಮರ್ಯಾದೆ ಉಳಿಸಲು ಅವರು ಸುಮ್ಮನಿದ್ದರು. ಆ ಮೌನದ ಖಾಲಿ ಜಾಗದಲ್ಲಿ ಸೌಟು ಹೋಗಿ ನಿಂತುಬಿಟ್ಟಿದ್ದ. ನಾಲ್ಕು ಗಂಟೆಗೆ ಒಂದು ಬಸ್ಸಿತ್ತು. ಚೀಲವನ್ನು ಹೆಗಲಿಗೆ ಹಾಕಿಕೊಂಡೆ ಕೂಡ. ಬಾಗಿಲ ತನಕ ಹೋದವಳಿಗೆ ಇಸ್ತ್ರಿ ಕೋಣೆಯ ಬಿಸಿ ಬಟ್ಟೆಯ ವಾಸನೆ ಬಂತು. ಆ ಕಡೆಗೇ ತಿರುಗಿದೆ. ಧೈರ್ಯ ಬಂದದ್ದಲ್ಲ. ಬಸ್ಸಿನಲ್ಲಿ ಕೂತು ಮತ್ತೆ ಅದೇ ಮಾತು ಗೊಣಗಬೇಕಲ್ಲ ಅನ್ನುವ ಹೆದರಿಕೆ.

ಡ್ರೈವರ್ ಚಾದರ ಮಡಿಸುತ್ತಿದ್ದರು. ಗಡ್ಡ ಬೆಳೆದಿತ್ತು. "ಓ, ಲೆಕ್ಕದವರು," ಅಂದರು. "ಇನ್ನೂ ಎಣಿಸಿ ಮುಗಿದಿಲ್ವಾ? ನನ್ನನ್ನ ಈಗ ಮೊದಲನೇ ತಿಂಗಳಲ್ಲಿ ಎಣಿಸಿಕೊಳ್ಳಿ."

"ಪಾಸ್ಟರಿಗೆ ಗೊತ್ತಾಗಿದ್ದು ನನ್ನಿಂದ."

ಅವರ ಕೈ ನಿಂತಿತು.

"ಹೆಸರು ಬರೆದಿರಲಿಲ್ಲ. ವ್ಯಾನು ಅಂತ ಬರೆದೆ, ಹತ್ತರಿಂದ ಹನ್ನೆರಡನೇ ತಿಂಗಳು ಅಂತ ಬರೆದೆ, ಒಬ್ಬರು ಅಂತ ಬರೆದೆ. ಅದನ್ನ ಅವರು ಓದಿದ್ರು. ಸೌಟು ಏನೂ ಹೇಳಿಲ್ಲ."

ಇನ್ನೂ ಏನೇನೋ ಹೇಳಬೇಕಿತ್ತು. ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ವಾಕ್ಯವೂ ನಾಲಿಗೆಗೆ ಬರಲಿಲ್ಲ. "ತಪ್ಪಾಯ್ತು" ಅಂದೆ. ಅದು ಬಹಳ ಚಿಕ್ಕದಾಗಿ ಕೇಳಿಸಿತು.

ಅವರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮಡಿಸಿದ ಚಾದರವನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. "ನಿಮ್ಮದು ಬಿಡಿ. ಕುಡಿದದ್ದು ನಾನು, ಮುಚ್ಚಿಟ್ಟಿದ್ದೂ ನಾನೇ," ಅಂದರು. "ಅವನಿಗೆ ಯೂದ ಅಂದುಬಿಟ್ಟೆನಲ್ಲ. ಮೂವತ್ತು ಜನರ ಮುಂದೆ ಅಂದೆ." ಚಾದರ ಬದಿಗಿಟ್ಟು ಕೇಳಿದರು, "ಬಿಟ್ಟು ಹೋದವರಿಗೆ ನೀವು ಫೋನ್ ಮಾಡ್ತೀರಲ್ಲ? ಹೇಗಿದ್ದಾರೆ ಅಂತ ವಿಚಾರಿಸೋಕೆ?"

ಮಾಡುತ್ತೇವೆ. ಹೊರಗಿನ ನಂಬರು, ವಿಳಾಸ ಮೊದಲ ಭೇಟಿಯಲ್ಲೇ ಸೌಟು ನನ್ನ ನಮೂನೆಯಲ್ಲಿ ಕೊಟ್ಟಿದ್ದ. ಫೋನು ಹಚ್ಚಿ ಡ್ರೈವರ್ ಕಡೆ ಚಾಚಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ನನಗೆ ಮೂವತ್ತು ದಿನ ಫೋನಿಲ್ಲ. ಇನ್ನೂ ಹದಿನಾಲ್ಕು ಬಾಕಿ. ನೀವೇ ಮಾತಾಡಿ, ನಾನು ಹೇಳಿದ್ದನ್ನ ಹಾಗೇ ಹೇಳಿ."

ಆ ಕಡೆ ರಿಂಗಾಗುತ್ತಿತ್ತು. ನಾನು ಗುರುತಿಲ್ಲದವರೊಡನೆ ಬರೆದುಕೊಂಡ ಪ್ರಶ್ನೆಗಳನ್ನು ಬಿಟ್ಟು ಫೋನಿನಲ್ಲಿ ಏನೂ ಮಾತಾಡಿದವಳಲ್ಲ.

"ಯಾರು?" ಅಂದ ಸೌಟು. ಯಾರು ಅಂತ ಹೇಳಿದೆ, ಏನಾಯಿತು ಅಂತ ಹೇಳಿದೆ. ಎರಡನೇ ಸಲ ಹೇಳುವುದು ಮೊದಲಿಗಿಂತ ಸುಲಭವಾಗಲಿಲ್ಲ.

"ಅವನು ಪಕ್ಕದಲ್ಲಿದ್ದಾನಾ?"

"ಇದ್ದಾರೆ."

"ಕತ್ತೆ ಅಂತ ಹೇಳಿ."

ಡ್ರೈವರ್ ಕಡೆ ತಿರುಗಿದೆ. "ನಿಮಗೆ... ಕತ್ತೆ ಅಂತಿದ್ದಾರೆ."

"ಹೌದು ಅಂತ ಹೇಳಿ."

"ಹೌದಂತೆ," ಅಂದೆ ಫೋನಿಗೆ.

"ನಾನು ಎಲ್ಲರೆದುರಿಗೆ ಅಂದದ್ದನ್ನ ಎಲ್ಲರೆದುರಿಗೇ ವಾಪಸ್ ತಗೋತೀನಿ ಅಂತ ಹೇಳಿ," ಅಂದರು ಡ್ರೈವರ್. " ಈ ಶುಕ್ರವಾರ ಸಾಕ್ಷಿಯಲ್ಲಿ. ಅವನು ಬಂದ್ರೂ ಸರಿ, ಬರದಿದ್ರೂ ಸರಿ."

ಹೇಳಿದೆ. ಸೌಟು ನಕ್ಕ. ಆ ನಗು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಮುಂದೆ ಹರಿದು ಕೆಮ್ಮಾಯಿತು. ಆಗ ನನಗೆ ಅವನ ಮಾತಿನ ತೊದಲು ಗೊತ್ತಾಯಿತು. ಮಧ್ಯಾಹ್ನ ಮೂರೂಮುಕ್ಕಾಲು. ಡ್ರೈವರ್ ನನ್ನ ಮುಖ ನೋಡುತ್ತಿದ್ದರು.

"ಕುಡಿದಿದ್ದಾನಾ?"

ಇದನ್ನೂ ನಾನು ಹೇಳಬೇಕೇ? ಇನ್ನೊಬ್ಬರ ಗುಟ್ಟು ಮತ್ತೆ ನನ್ನ ಬಾಯಲ್ಲಿತ್ತು. ಫೋನಿಗೇ ಕೇಳಿದೆ, "ನೀವು ಹೇಗಿದ್ದೀರಿ ಅಂತ ಕೇಳ್ತಿದ್ದಾರೆ. ಏನು ಹೇಳಲಿ?"

"ಇರೋ ಹಾಗೇ ಹೇಳಿ," ಅಂದ. "ನಾಲ್ಕು ದಿನದಿಂದ ಹೀಗೇ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಿದ್ದಿದ್ದೀನಿ. ಅಕ್ಕ ಮಾತಾಡಿಸಲ್ಲ."

ಹೇಳಿದೆ. ಡ್ರೈವರ್ ಇಸ್ತ್ರಿ ಮೇಜಿಗೆ ಎರಡೂ ಕೈ ಊರಿ ತಲೆ ತಗ್ಗಿಸಿದರು. ಸೌಟುವಿಗೆ ಐದನೇ ತಿಂಗಳಾಗಿತ್ತು. ಒಂದು ಸಲವೂ ಜಾರಿರಲಿಲ್ಲ. ನನ್ನ ಕೋಷ್ಟಕದ ಏಳು ಜನರಲ್ಲಿ ಅವನಿರಲಿಲ್ಲ.

"ವಿಳಾಸ ಕೊಡಿ," ಅಂದರು ತಲೆ ಎತ್ತದೆ. "ಪಾಸ್ಟರ್ ಬರಲಿ, ಕಾಲಿಗೆ ಬೀಳ್ತೀನಿ, ಹೋಗಿ ಕರ್ಕೊಂಡು ಬರ್ತೀವಿ."

ವಿಳಾಸ ನನ್ನ ಚೀಲದಲ್ಲೇ ಇತ್ತು. ಒಳ್ಳೆಯದಕ್ಕೇ ಕೇಳುತ್ತಿದ್ದರು. ಪಾಸ್ಟರ್ ಕೂಡ ಆ ದಿನ ಒಳ್ಳೆಯದಾಯಿತೆಂದೇ ಫೋನು ಮಾಡಿದ್ದರು.

"ನಿಮ್ಮ ವಿಳಾಸ ಇವರು ಕೇಳ್ತಿದ್ದಾರೆ," ಅಂದೆ ಸೌಟುವಿಗೆ. "ಕೊಡಲಾ? ಬೇಡ ಅಂದ್ರೆ ಕೊಡಲ್ಲ."

ಅವನ ಉಸಿರು ಕೇಳಿಸುತ್ತಿತ್ತು. ಎಲ್ಲೋ ನಲ್ಲಿಯಿಂದ ನೀರು ಬೀಳುತ್ತಿತ್ತು. ಅವನು ಫೋನು ಇಟ್ಟುಬಿಡುತ್ತಾನೆ ಅಂದುಕೊಂಡೆ. ಆದರೂ ನಾನು ಎರಡನೇ ಸಲ ಕೇಳಲಿಲ್ಲ.

"ಪಾಸ್ಟರಿಗೆ ಕೊಡಿ," ಅಂದ ಕೊನೆಗೆ. "ಅವನಿಗೆ ಬೇಡ. ಈ ಅವತಾರದಲ್ಲಿ ಅವನು ನನ್ನನ್ನ ನೋಡೋದು ಬೇಡ."

"ಪಾಸ್ಟರಿಗೆ ಮಾತ್ರ ಅಂತೆ," ಅಂದೆ.

ಡ್ರೈವರ್ ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ.

ಬಸ್ಸು ಹೋಗಿ ಆಗಿತ್ತು. ನಾನು ಮುಂದಿನ ಬೆಂಚಿನ ಮೇಲೆ ಪಾಸ್ಟರಿಗಾಗಿ ಕಾಯುತ್ತಾ ಕೂತೆ. ಬಂದ ಕೂಡಲೇ ಎಲ್ಲ ಹೇಳಿದೆ. ಅವರು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಕನ್ನಡಕ ತೆಗೆದರು. "ಕುಡಿದವನ ಕೈಯಲ್ಲಿ ವ್ಯಾನು ಇತ್ತಲ್ಲ ತಂಗೀ, ನನಗೆ ಅದೊಂದೇ ಕಂಡಿದ್ದು," ಅಂದರು. "ಸೌಟುವಿನ ಕಡೆ ನೋಡಲೇ ಇಲ್ಲ." ನಾನು ಬರೆದುಕೊಟ್ಟ ವಿಳಾಸದ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ನೀರೂ ಕುಡಿಯದೆ, ಬಂದ ವ್ಯಾನಿನಲ್ಲೇ ವಾಪಸ್ ಹೊರಟರು.

ಹೊರಡುವ ಮುಂಚೆ ಇಸ್ತ್ರಿ ಕೋಣೆಗೆ ಇಣುಕಿದೆ. "ನಿಮ್ಮ ಮನೆಯವರ ಹತ್ತಿರ ನಾನು ಬೇಕಾದ್ರೆ ಮಾತಾಡ್ತೀನಿ," ಅಂದೆ. "ಹೇಗಾಯ್ತು ಅಂತ ವಿವರಿಸ್ತೀನಿ."

"ಬೇಡ," ಅಂದರು ಡ್ರೈವರ್, ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ತೆಗೆಯದೆ. "ಅವಳಿಗೆ ನಾನು ಕುಡಿದದ್ದೇ ಇನ್ನೂ ಗೊತ್ತಿಲ್ಲ. ಫೋನ್ ಸಿಕ್ಕಿದ ದಿನ ನಾನೇ ಹೇಳ್ತೀನಿ. ಹದಿನಾಲ್ಕು ದಿನ ಇದೆಯಲ್ಲ, ಹೇಗೆ ಹೇಳೋದು ಅಂತ ಕಲೀತೀನಿ."

ಇವತ್ತು ಕಚೇರಿಯಲ್ಲಿ ಕೊನೆಯ ಪ್ರತಿ ತಯಾರಾಗಬೇಕಿತ್ತು. ಸೌಟುವಿನ ಸಾಲಿನಲ್ಲಿ 'ಇತರೆ' ಅಂತ ಗುರುತು ಹಾಕಿ, ಕೆಳಗೆ ಬರೆದೆ: ಈ ಮೌಲ್ಯಮಾಪನದ ಕರಡು ವರದಿಯಲ್ಲಿ ಆದ ತಪ್ಪಿನ ಪರಿಣಾಮ. ಮೇಡಮ್ ಓದಿ ನನ್ನನ್ನು ಒಳಗೆ ಕರೆದರು.

"ಇಂಥದ್ದನ್ನ ಯಾರೂ ಬರೆಯಲ್ಲ ಕಣೇ. ನಮ್ಮ ಕಚೇರಿಯ ಹೆಸರು ಏನಾಗುತ್ತೆ?"

ನಾನು ಎಂದಿನಂತೆ ನೆಲ ನೋಡುತ್ತಾ ನಿಂತೆ. "ತೆಗೀತೀಯಾ?" ಅಂತ ಕೇಳಿದರು.

ಇಲ್ಲ ಅನ್ನಲು ನನಗೆ ಬಹಳ ಹೊತ್ತು ಹಿಡಿಯಿತು.